ಎಕ್ಸರೇ ಫಿಲಂ ಸುಳ್ಳು ಹೇಳೋದಿಲ್ಲ, ಸರಿ... ಓದಿ ಹೇಳೋರು ಯಾರು?

ಚೆಟ್ಟಳ್ಳಿ: ಕರಿಮೆಣಸು ಕುಯ್ಯುವ ಕಾಲ ಬಂತೆಂದರೆ ಈ ಕಡೆಯ ಆಸ್ಪತ್ರೆಗಳಿಗೆ ಒಂದು ಬಗೆಯ ಗಿರಾಕಿಗಳು ಜಾಸ್ತಿ. ಏಣಿಯಿಂದ ಬಿದ್ದವರು, ಸಿಲ್ವರ್ ಓಕ್ ಮರದಿಂದ ಜಾರಿದವರು, ಮರಗಸಿಗೆ ಹತ್ತಿ ಕೊಂಬೆಯ ಸಮೇತ ಕೆಳಕ್ಕೆ ಬಂದವರು. ಮೊದಲು ಜೀಪು, ಆಮೇಲೆ ಎಕ್ಸರೇ. 'ಮೂಳೆ ಮುರಿದಿಲ್ಲ, ಉಳುಕು ಅಷ್ಟೆ' ಎಂದು ಡಾಕ್ಟರು ಹೇಳಿದರೆ ಮನೆಯವರಿಗೆ ಸಮಾಧಾನ, ತೋಟದ ರೈಟರಿಗೂ ಸಮಾಧಾನ.

ಹಾಗೆ ಉಳುಕು ಎಂದು ಮನೆಗೆ ಕಳಿಸಿದ ಒಬ್ಬ ಕಾರ್ಮಿಕ ಒಂದೂವರೆ ತಿಂಗಳಾದರೂ ನೆಟ್ಟಗೆ ನಿಲ್ಲಲಾರ ಎಂದಿಟ್ಟುಕೊಳ್ಳಿ. ಮೈಸೂರಿಗೋ ಮಂಗಳೂರಿಗೋ ಒಯ್ದಾಗ ಅಲ್ಲಿನ ಡಾಕ್ಟರು, 'ಸೊಂಟದ ಮೂಳೆಯ ಕತ್ತು ಮುರಿದು ಜಾರಿದೆ, ಇಷ್ಟು ದಿನ ಏನ್ರೀ ಮಾಡ್ತಿದ್ರಿ?' ಎಂದು ಕೇಳುತ್ತಾರೆ. ಈಗ ಪ್ರಶ್ನೆ ಏನು? ಮೊದಲ ದಿನದ ಫಿಲಂನಲ್ಲಿ ಆ ಬಿರುಕು ಇತ್ತೇ, ಇಲ್ಲವೇ? ಇದ್ದರೆ, ಸಾಧಾರಣ ಎಚ್ಚರದ ಡಾಕ್ಟರ ಕಣ್ಣಿಗೆ ಅದು ಬೀಳಬೇಕಿತ್ತೇ?

ಇದಕ್ಕೆ ಉತ್ತರ ಹೇಳಬೇಕಾದವನು ವಕೀಲನಲ್ಲ, ನ್ಯಾಯಾಧೀಶರೂ ಅಲ್ಲ. ಫಿಲಂ ಓದುವುದನ್ನೇ ಕಸುಬು ಮಾಡಿಕೊಂಡ ರೇಡಿಯಾಲಜಿಸ್ಟ್. ಅವನನ್ನು ಸಾಕ್ಷಿಕಟ್ಟೆಗೆ ಕರೆತರುವುದು ಯಾರು? ಖರ್ಚು ಯಾರದು? ಕರೆದರೆ ಬರುತ್ತಾನೆಯೇ? ವೈದ್ಯಕೀಯ ನಿರ್ಲಕ್ಷ್ಯದ ದಾವೆಗಳಲ್ಲಿ ಅರ್ಧಕ್ಕರ್ಧ ತಕರಾರು ಇಲ್ಲೇ ಸಿಕ್ಕಿ ಬೀಳುತ್ತದೆ.

ಕಾನೂನು ಏನು ಹೇಳುತ್ತೆ

ಆಸ್ಪತ್ರೆಯ ಮೇಲೆ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿದ್ದು 1995ರ ನವೆಂಬರ್ 13ರಂದು, ವಿ.ಪಿ. ಶಾಂತಾ ಪ್ರಕರಣದಲ್ಲಿ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ 'ಸೇವೆ'ಯೇ ಎಂದಾಯಿತು. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆ ಇದರೊಳಗೆ ಬರುವುದಿಲ್ಲ. ಚೀಟಿ ಮಾಡಿಸಲು ಕೊಡುವ ಪುಡಿಕಾಸು ಲೆಕ್ಕಕ್ಕಿಲ್ಲ. ಅಂಥ ಕಡೆ ತಪ್ಪಾದರೆ ಸಿವಿಲ್ ಕೋರ್ಟಿನ ಮೆಟ್ಟಿಲೇ ಗತಿ. ಬಡವರು ಹೆಚ್ಚು ಹೋಗುವುದು ಸರ್ಕಾರಿ ಆಸ್ಪತ್ರೆಗೆ, ಅಗ್ಗದ ನ್ಯಾಯ ಸಿಗುವುದು ಖಾಸಗಿ ಆಸ್ಪತ್ರೆಗೆ ಹೋದವರಿಗೆ! ಇರಲಿ, ಕಾನೂನು ಇರುವುದು ಹಾಗೆ.

ಡಾಕ್ಟರ ತಪ್ಪನ್ನು ಅಳೆಯುವ ಗಜಕೋಲು ಇಂಗ್ಲೆಂಡಿನದು. 1957ರ ಬೋಲಂ ಪ್ರಕರಣದ್ದು. ಆ ಕಸುಬಿನ ಸಾಧಾರಣ ಪರಿಣತಿಯುಳ್ಳವನು ಸಾಧಾರಣ ಎಚ್ಚರಿಕೆಯಿಂದ ಏನು ಮಾಡುತ್ತಿದ್ದನೋ ಅದನ್ನು ಮಾಡಿದ್ದರೆ ಸಾಕು. ಮುಂಬಯಿಯ ಮಹಾಪಂಡಿತನಿಗೆ ಕಾಣುತ್ತಿತ್ತು ಎಂಬುದು ವಾದವಾಗುವುದಿಲ್ಲ. ನಮ್ಮ ಸುಪ್ರೀಂ ಕೋರ್ಟು 2005ರ ಆಗಸ್ಟ್ 5ರಂದು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಜೊತೆಗೆ ಪೊಲೀಸರಿಗೂ ಒಂದು ಕಟ್ಟು ಹಾಕಿತು: ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ಹಾಕುವ ಮೊದಲು ಅದೇ ವಿಭಾಗದ ಸ್ವತಂತ್ರ ವೈದ್ಯರಿಂದ, ಸಾಧ್ಯವಾದರೆ ಸರ್ಕಾರಿ ನೌಕರಿಯಲ್ಲಿರುವವರಿಂದ, ಅಭಿಪ್ರಾಯ ಪಡೆಯಬೇಕು.

ಇಲ್ಲಿಂದ ಮುಂದೆ ಸ್ವಲ್ಪ ಹಗ್ಗಜಗ್ಗಾಟ. 2009ರಲ್ಲಿ ಮಾರ್ಟಿನ್ ಡಿಸೋಜ ಪ್ರಕರಣದಲ್ಲಿ, ಗ್ರಾಹಕ ನ್ಯಾಯಾಲಯ ಕೂಡ ಡಾಕ್ಟರಿಗೆ ನೋಟೀಸು ಕಳಿಸುವ ಮುನ್ನ ತಜ್ಞರ ಅಭಿಪ್ರಾಯ ತರಿಸಬೇಕು ಎಂದಿತು ಸುಪ್ರೀಂ ಕೋರ್ಟು. ಮರುವರ್ಷವೇ, 2010ರ ಮಾರ್ಚ್‌ನಲ್ಲಿ, ಅದೇ ಕೋರ್ಟಿನ ಇನ್ನೊಂದು ಪೀಠ, 'ಎಲ್ಲ ಕೇಸಿಗೂ ತಜ್ಞ ಬೇಕಿಲ್ಲ' ಎಂದು ತಿದ್ದಿತು. ಅದು ಹೈದರಾಬಾದಿನ ಕಿಶನ್ ರಾವ್ ಪ್ರಕರಣ. ಹೆಂಡತಿಗೆ ಚಳಿಜ್ವರ. ಆಸ್ಪತ್ರೆಯವರು ಟೈಫಾಯಿಡ್ ಎಂದು ಔಷಧಿ ಕೊಟ್ಟರು, ಇದ್ದದ್ದು ಮಲೇರಿಯ. ಆಕೆ ತೀರಿಕೊಂಡರು. ಗಂಡ ಕೆಲಸಕ್ಕಿದ್ದದ್ದು ಮಲೇರಿಯ ಇಲಾಖೆಯಲ್ಲೇ! ದಾಖಲೆಗಳೇ ಕೂಗಿ ಹೇಳುವಾಗ ಪಂಡಿತರ ಸಾಕ್ಷಿ ಏಕೆ ಎಂದ ಕೋರ್ಟು, ಜಿಲ್ಲಾ ವೇದಿಕೆ ಕೊಡಿಸಿದ್ದ 2 ಲಕ್ಷ ರೂಪಾಯಿಯನ್ನು ಮತ್ತೆ ಊರ್ಜಿತಗೊಳಿಸಿತು.

ಹೊಟ್ಟೆಯೊಳಗೆ ಕತ್ತರಿ ಬಿಟ್ಟು ಹೊಲಿದರೆ ತಜ್ಞ ಬೇಡ. ಎಡಗಾಲಿನ ಬದಲು ಬಲಗಾಲು ಕುಯ್ದರೆ ಬೇಡವೇ ಬೇಡ. ಆದರೆ ಎಕ್ಸರೇಯ ಬೂದಿ ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತೋ ಇಲ್ಲವೋ ಎನ್ನುವಾಗ ಸಾಮಾನ್ಯ ಬುದ್ಧಿ ಸಾಲದು. ಚೆನ್ನೈಯ ಒಂದು ಪ್ರಕರಣದಲ್ಲಿ ಸೊಂಟದ ಮೂಳೆಯ ಕತ್ತಿನಲ್ಲಿ ಇಂಥದೇ ಬಿರುಕು. ಡಾಕ್ಟರು ಮೂಳೆಯ ತಲೆಯನ್ನೇ ಬದಲಿಸಿದರು. ಮೊಳೆ ಹೊಡೆದು ಕೂಡಿಸಿದ್ದರೆ ಸಾಕಾಗಿತ್ತು ಎಂದು ರೋಗಿಯ ದೂರು. 2009ರಲ್ಲಿ ಸುಪ್ರೀಂ ಕೋರ್ಟು ಡಾಕ್ಟರ ಪರ ತೀರ್ಪಿತ್ತಿತು. ದೂರಿನಲ್ಲಿ ಬರೆದುಬಿಟ್ಟ ಮಾತ್ರಕ್ಕೆ ಅದು ಸಾಕ್ಷ್ಯವಾಗುವುದಿಲ್ಲ, ರುಜುವಾತು ಮಾಡುವ ಭಾರ ಫಿರ್ಯಾದಿಯ ಮೇಲೆ ಎಂದಿತು. ಅಂದರೆ ತಜ್ಞನನ್ನು ಹುಡುಕಿ ತರುವ ಕೆಲಸ ನೋವು ತಿಂದವನದೇ.

ಪಕ್ಕೆಲುಬು ಸವೆದದ್ದು ಕಂಡಿತ್ತು

ಚಿತ್ರ ಕೈಯಲ್ಲಿದ್ದೂ ಅದರ ಅರ್ಥ ಬಿಟ್ಟುಹೋದದ್ದಕ್ಕೆ ಹೈದರಾಬಾದಿನದೇ ಇನ್ನೊಂದು ಕತೆಯಿದೆ. ಇದರ ಕೊನೆ ಬೆಂಗಳೂರಿಗೆ ತಾಗುತ್ತದೆ. 1990ರಲ್ಲಿ ಇಪ್ಪತ್ತು ವರ್ಷದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಬಿಟ್ಟುಬಿಟ್ಟು ಬರುವ ಜ್ವರವೆಂದು ನಿಜಾಮ್ಸ್ ವೈದ್ಯಕೀಯ ಸಂಸ್ಥೆಗೆ ಹೋದ. ಎಕ್ಸರೇಯಲ್ಲಿ ಎದೆಯೊಳಗೆ ಒಂದು ಗಡ್ಡೆ ಕಾಣಿಸಿತು. ಎಡಗಡೆಯ ಪಕ್ಕೆಲುಬುಗಳು ಸವೆದದ್ದೂ ಕಾಣಿಸಿತು. ಎದೆ ತೆರೆದು ಗಡ್ಡೆ ತೆಗೆದರು. ಎಚ್ಚರವಾದಾಗ ಹುಡುಗನಿಗೆ ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ. ಆಮೇಲೆಯೂ ಬರಲಿಲ್ಲ.

ವಾದ ನಿಂತದ್ದು ಆ ಪಕ್ಕೆಲುಬಿನ ಮೇಲೆ. ಬೆನ್ನುಹುರಿಯ ಪಕ್ಕದಲ್ಲಿ ಗಡ್ಡೆಯಿದೆ, ಮೂಳೆ ತಿಂದಿದೆ ಎಂದರೆ ಅದು ನರದ ಗಡ್ಡೆ ಇರಬಹುದು ಎಂಬ ಗುಮಾನಿ ಬರಬೇಕಿತ್ತು. ಬಂದಿದ್ದರೆ ನರಶಸ್ತ್ರ ತಜ್ಞನನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ. ಆಸ್ಪತ್ರೆ ತನ್ನ ಸಮರ್ಥನೆ ಕೊಟ್ಟಿತು, ಕೋರ್ಟು ಒಪ್ಪಲಿಲ್ಲ. ಫಿರ್ಯಾದಿ ಮೊದಲ ಹಂತದಲ್ಲಿ ನಿರ್ಲಕ್ಷ್ಯ ತೋರಿಸಿಕೊಟ್ಟ ಮೇಲೆ, ತಪ್ಪಿಲ್ಲವೆಂದು ತೋರಿಸುವ ಹೊರೆ ಆಸ್ಪತ್ರೆಯದು ಎಂದಿತು. 1999ರಲ್ಲಿ ರಾಷ್ಟ್ರೀಯ ಆಯೋಗ ಸುಮಾರು 15 ಲಕ್ಷ ರೂಪಾಯಿ ಕೊಡಿಸಿತ್ತು. 2009ರ ಮೇ 14ರಂದು ಸುಪ್ರೀಂ ಕೋರ್ಟು ಅದನ್ನು 1 ಕೋಟಿಗೆ ಏರಿಸಿತು. ಅಷ್ಟರಲ್ಲಿ ಆ ಹುಡುಗ ನಲವತ್ತರ ಹತ್ತಿರದ ಗಂಡಸಾಗಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುತ್ತಿದ್ದ. ಗಾಲಿಕುರ್ಚಿಯಲ್ಲಿ ಕೂತು ದೆಹಲಿಯಲ್ಲಿ ತನ್ನ ಕೇಸು ತಾನೇ ವಾದಿಸಿದ. ಆಪರೇಷನ್ನಿನಿಂದ ಕೊನೆಯ ತೀರ್ಪಿಗೆ ಹದಿನೆಂಟೂವರೆ ವರ್ಷ.

ಅವನು ಓದಿದವನು, ವಾದಿಸಬಲ್ಲವನು. ಲೈನ್‌ಮನೆಯಲ್ಲಿ ಇರುವವನ ಕೈಲಿ ಇದಾಗುತ್ತದೆಯೇ?

ಗೊರಿಲ್ಲ ಕಾಣಲಿಲ್ಲ!

ಹಾಗೆಂದು ಫಿಲಂ ಓದಿದ ಡಾಕ್ಟರನ್ನೆಲ್ಲ ಗಲ್ಲಿಗೇರಿಸಲು ಹೊರಡುವುದೂ ಸರಿಯಲ್ಲ. ಕಣ್ಣಿನ ಕೆಲಸ ಎಷ್ಟು ಮೋಸದ್ದು ಎಂಬುದನ್ನು ರೇಡಿಯಾಲಜಿಸ್ಟರೇ ಪರೀಕ್ಷೆ ಮಾಡಿ ನೋಡಿಕೊಂಡಿದ್ದಾರೆ. 1949ರಲ್ಲೇ ಅಮೆರಿಕದ ಗಾರ್ಲಂಡ್ ಎಂಬ ರೇಡಿಯಾಲಜಿಸ್ಟ್, ರೋಗದ ಗುರುತಿರುವ ಎದೆಯ ಫಿಲಂಗಳಲ್ಲಿ ನೂರಕ್ಕೆ ಸುಮಾರು ಮೂವತ್ತನ್ನು ಪಳಗಿದವರೂ ಬಿಟ್ಟುಬಿಡುತ್ತಾರೆ ಎಂದು ಬರೆದ.

2013ರಲ್ಲಿ ಅಮೆರಿಕದಲ್ಲೇ ಇನ್ನೊಂದು ತಮಾಷೆ ಪ್ರಕಟವಾಯಿತು. ಶ್ವಾಸಕೋಶದ ಸಿ.ಟಿ. ಚಿತ್ರಗಳ ಮಧ್ಯೆ ಸಂಶೋಧಕರು ಒಂದು ಗೊರಿಲ್ಲದ ಚಿತ್ರ ಸೇರಿಸಿಟ್ಟರು. ಹುಡುಕಬೇಕಾಗಿದ್ದ ಗಂಟಿನ ಸರಾಸರಿ ಗಾತ್ರಕ್ಕಿಂತ ಅದು 48 ಪಟ್ಟು ದೊಡ್ಡದು. 24 ರೇಡಿಯಾಲಜಿಸ್ಟರು ನೋಡಿದರು. 20 ಮಂದಿಗೆ ಗೊರಿಲ್ಲ ಕಾಣಲೇ ಇಲ್ಲ! ಅವರು ಹುಡುಕುತ್ತಿದ್ದದ್ದು ಗಂಟು, ಗೊರಿಲ್ಲವನ್ನಲ್ಲ. ತೋಟದಲ್ಲಿ ಹಣ್ಣಿನ ಮೇಲೆ ಕಣ್ಣಿಟ್ಟು ಕಾಫಿ ಕುಯ್ಯುವವರಿಗೆ ಹತ್ತು ಮಾರು ದೂರದ ಆನೆ ಕಾಣದೆ ಹೋಗುವುದು ಚೆಟ್ಟಳ್ಳಿಯವರಿಗೆ ಹೊಸ ಸುದ್ದಿಯಲ್ಲ.

ಇದರ ತಿರುಗುಮುರುಗು ಇನ್ನೂ ಮುಖ್ಯ. ರೋಗ ಎಲ್ಲಿದೆ ಎಂದು ಗೊತ್ತಾದ ಮೇಲೆ ಹಳೆಯ ಫಿಲಂ ನೋಡಿದರೆ ಎಲ್ಲರಿಗೂ ಕಾಣುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನವರು 1983ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶ್ವಾಸಕೋಶದ ಅಂಚಿನಲ್ಲಿ ಬೆಳೆದಿದ್ದ 50 ಕ್ಯಾನ್ಸರುಗಳ ಪೈಕಿ 45, ಹಿಂದಿನ ಫಿಲಂಗಳಲ್ಲೇ ಇದ್ದವು. ಆಗ ಯಾರಿಗೂ ಕಂಡಿರಲಿಲ್ಲ, ಈಗ ಕಂಡವು. ಕಳ್ಳತನವಾದ ಮೇಲೆ ಬಾಗಿಲ ಚಿಲಕ ಸಡಿಲವಿದ್ದದ್ದು ಇಡೀ ಬೀದಿಗೆ ಕಾಣುತ್ತದಲ್ಲ, ಹಾಗೆ.

ಈಗ ನ್ಯಾಯಾಲಯದ ಪದ್ಧತಿ ನೋಡಿ. ತಜ್ಞನ ಕೈಗೆ ಮೊದಲು ದೂರಿನ ಪ್ರತಿ ಕೊಡುತ್ತಾರೆ. 'ಸೊಂಟ ಮುರಿದಿತ್ತು, ಇವರು ಗುರುತಿಸಲಿಲ್ಲ' ಎಂಬ ಕತೆ ಓದಿ ಮುಗಿಸಿದ ಮೇಲೆ ಫಿಲಂ ಕೊಡುತ್ತಾರೆ. ಅವನ ಕಣ್ಣು ನೇರ ಸೊಂಟಕ್ಕೇ ಹೋಗುತ್ತದೆ. ಇನ್ನೇನು ಕಂಡೀತು? ಇದು ಮೊದಲ ರಾತ್ರಿ ಫಿಲಂ ನೋಡಿದ ಡಾಕ್ಟರಿಗೆ ಆಗುವ ಅನ್ಯಾಯ. ಕತೆ ಹೇಳದೆ, ಬೇರೆ ಹತ್ತು ಫಿಲಂಗಳ ಜೊತೆ ಬೆರೆಸಿ, 'ಇವುಗಳಲ್ಲಿ ಏನೇನು ಕಾಣುತ್ತೆ?' ಎಂದು ಕೇಳಿದರೆ ಸಿಗುವ ಉತ್ತರಕ್ಕೆ ತೂಕ ಬೇರೆ. ಇದಕ್ಕೆ ಹೊಸ ಕಾನೂನೇನೂ ಬೇಡ. ತಜ್ಞರಿಗೆ ಕಡತ ಕಳಿಸುವ ಗುಮಾಸ್ತರಿಗೆ ಒಂದು ಸೂಚನೆ ಸಾಕು.

ಇನ್ನೊಂದು ಎಡವಟ್ಟು ಇದೆ. ಸಣ್ಣ ಊರಿನ ಆಸ್ಪತ್ರೆಯಲ್ಲಿ ರಾತ್ರಿ ಫಿಲಂ ನೋಡುವವನು ಬಹಳ ಸಲ ರೇಡಿಯಾಲಜಿಸ್ಟ್ ಅಲ್ಲವೇ ಅಲ್ಲ, ಡ್ಯೂಟಿ ಡಾಕ್ಟರು. ಅವನನ್ನು ಮೆಡಿಕಲ್ ಕಾಲೇಜಿನ ಪ್ರೊಫೆಸರ ಅಳತೆಯಲ್ಲಿ ಅಳೆಯುವಂತಿಲ್ಲ. ಅವನಿಗೆ ಹಾಕಬೇಕಾದ ಪ್ರಶ್ನೆ ಬೇರೆ: ನೋವು ಇಳಿಯದಿದ್ದರೆ ವಾಪಸು ಬಾ ಎಂದೆಯಾ? ಮಣಿಕಟ್ಟಿನ ಸಣ್ಣ ಮೂಳೆಯ ಬಿರುಕು ಮೊದಲ ಎಕ್ಸರೇಯಲ್ಲಿ ಕಾಣದೆ ಹತ್ತು ಹದಿನಾಲ್ಕು ದಿನದ ಮೇಲೆ ಕಾಣುವುದುಂಟು. ಸೊಂಟದ ಕೆಲವು ಬಿರುಕುಗಳು ಎಂ.ಆರ್.ಐ. ಮಾಡಿದಾಗ ಮಾತ್ರ ಸಿಗುತ್ತವೆ. ಫಿಲಂನಲ್ಲಿ ಇಲ್ಲದ್ದನ್ನು ನೋಡಲಿಲ್ಲ ಎಂಬುದು ತಪ್ಪಲ್ಲ, ಮತ್ತೊಮ್ಮೆ ನೋಡಲಿಲ್ಲ ಎಂಬುದು ತಪ್ಪಾಗಬಹುದು. ಆದರೆ ರೇಡಿಯಾಲಜಿಸ್ಟರ ವರದಿಗೆಂದೇ ಬಿಲ್ಲು ಹಾಕಿ ವಸೂಲು ಮಾಡಿದ ಆಸ್ಪತ್ರೆ, 'ನಮ್ಮಲ್ಲಿ ಆ ತಜ್ಞರಿರಲಿಲ್ಲ' ಎಂದರೆ ಕೇಳುವಂತಿಲ್ಲ. ಈಗಂತೂ ಇಲ್ಲಿ ತೆಗೆದ ಚಿತ್ರವನ್ನು ಎಲ್ಲೋ ದೂರದ ನಗರದಲ್ಲಿ ಕೂತವರು ಕಂಪ್ಯೂಟರಿನಲ್ಲಿ ಓದಿ ಕಳಿಸುವ ವ್ಯವಸ್ಥೆಯೂ ಇದೆ. ವರದಿಯ ಕೆಳಗಿನ ಸಹಿ ಯಾರದು ಎಂದು ಎಷ್ಟು ಮಂದಿ ನೋಡುತ್ತಾರೆ? ಸಹಿಯ ಮೇಲಿನ ಸಾಲಂತೂ ಎಲ್ಲ ವರದಿಯಲ್ಲೂ ಒಂದೇ. 'ಕ್ಲಿನಿಕಲ್ ಆಗಿ ತಾಳೆ ನೋಡಿ.' ರೇಡಿಯಾಲಜಿಸ್ಟರ ಕೊಡೆ ಅದು. ಮಳೆ ಬರಲಿ ಬಿಡಲಿ, ಬಿಚ್ಚಿಯೇ ಇರುತ್ತದೆ.

ಸಾಕ್ಷಿ ಹೇಳಲು ಯಾರು ಬರ್ತಾರೆ?

ಬರುವುದಿಲ್ಲ. ಒಬ್ಬ ಡಾಕ್ಟರ ಮೇಲೆ ಇನ್ನೊಬ್ಬ ಡಾಕ್ಟರು ಸಾಕ್ಷಿ ಹೇಳುವುದು ದೊಡ್ಡ ನಗರದಲ್ಲೇ ಕಷ್ಟ. ಕೊಡಗಿನಂಥ ಜಿಲ್ಲೆಯಲ್ಲಿ ಕೇಳುವುದೇ ಬೇಡ. ಮದುವೆ ಮನೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರಬೇಕಲ್ಲ! ನಾಳೆ ತನ್ನ ರೋಗಿಯನ್ನು ಕಳಿಸಬೇಕಾದದ್ದೂ ಅವರ ಬಳಿಗೇ. ಇದನ್ನು ಬರೀ ಡಾಕ್ಟರರ ಒಳಸಂಚು ಎನ್ನುವುದು ಸುಲಭ. ಅಂಗಡಿಯವರು ಪಕ್ಕದ ಅಂಗಡಿಯ ತಕ್ಕಡಿಯ ಬಗ್ಗೆ ಸಾಕ್ಷಿ ಹೇಳುತ್ತಾರಾ?

ಆದ್ದರಿಂದ ಉಳಿಯುವುದು ಎರಡು ದಾರಿ. ಜಿಲ್ಲೆಯ ಹೊರಗಿನ ರೇಡಿಯಾಲಜಿಸ್ಟನ್ನು ಹಿಡಿಯುವುದು. ಇಲ್ಲವೇ ಕಡತವನ್ನು ಸರ್ಕಾರಿ ವೈದ್ಯರ ಸಮಿತಿಗೆ ಕಳಿಸಿ ಎಂದು ಗ್ರಾಹಕ ಆಯೋಗವನ್ನೇ ಕೇಳುವುದು. ಮೊದಲಿನದಕ್ಕೆ ದುಡ್ಡು ಬೇಕು. ಎರಡನೆಯದಕ್ಕೆ ತಾಳ್ಮೆ ಬೇಕು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆದರೆ ತುರ್ತು ಆಸ್ಪತ್ರೆಗಾಗಿ ಕೊಡಗಿನ ಜನ 2019ರಲ್ಲಿ ದೊಡ್ಡ ಕೂಗೆಬ್ಬಿಸಬೇಕಾಗಿ ಬಂದದ್ದೂ ಇದೇ ಜಿಲ್ಲೆಯಲ್ಲಿ. ಮೈಸೂರಿಗಾಗಲಿ ಮಂಗಳೂರಿಗಾಗಲಿ ಮಡಿಕೇರಿಯಿಂದ ನೂರು ಕಿಲೋಮೀಟರಿಗೂ ಮೇಲೆ. ರೋಗಿಗೆ ದೂರವಾದದ್ದು ಸಾಕ್ಷಿಗೂ ದೂರವೇ.

ಪೂರಾ ನಿರಾಶೆಯೂ ಬೇಡ. 2002ರಲ್ಲಿ ಡಾ. ಜೆ.ಜೆ. ಮರ್ಚೆಂಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಜ್ಞ ವೈದ್ಯರ ಸಾಕ್ಷ್ಯವನ್ನು ಪ್ರಮಾಣಪತ್ರದ ಮೂಲಕ ಪಡೆಯಬಹುದು, ಪಾಟೀಸವಾಲನ್ನು ಬರಹದಲ್ಲಿ ಪ್ರಶ್ನೆ ಕಳಿಸಿಯೋ ವೀಡಿಯೋ ಮೂಲಕವೋ ಮಾಡಬಹುದು ಎಂದಿದೆ. ಹೊರ ಊರಿನ ರೇಡಿಯಾಲಜಿಸ್ಟ್ ಮಡಿಕೇರಿಯ ಮಳೆಯಲ್ಲಿ ನೆನೆಯಬೇಕಾಗಿಲ್ಲ.

ಸಮಿತಿಗೆ ಕಳಿಸುವಾಗ ಸಮಿತಿಯಲ್ಲಿ ಯಾರಿದ್ದಾರೆ ಎಂದು ನೋಡಬೇಕು. ಎಕ್ಸರೇ ತಕರಾರಿಗೆ ರೇಡಿಯಾಲಜಿಸ್ಟೇ ಇಲ್ಲದ ಸಮಿತಿ ಮಾಡಿದರೆ ಏನು ಬಂತು? ಇದನ್ನು ತೋಟದವರಿಗೆ ಅರ್ಥವಾಗುವ ಹಾಗೆ ಸುಪ್ರೀಂ ಕೋರ್ಟು 1999ರಲ್ಲೇ ಹೇಳಿದೆ, ಹಿಮಾಚಲದ ಸೇಬಿನ ಕೇಸಿನಲ್ಲಿ. ಸೇಬಿಗೆ ಕಜ್ಜಿರೋಗ ಬಂದಾಗ ಸರ್ಕಾರ ರೋಗದ ಹಣ್ಣು ಕೊಂಡಿತು. ಬೆಳೆಗಾರರು ಲೆಕ್ಕ ಉಬ್ಬಿಸಿದರೆಂದು ಕೇಸಾಯಿತು. ತೋಟಗಾರಿಕೆಯ ಅಧಿಕಾರಿಯೊಬ್ಬರು ಇಂಥಿಂಥ ತೋಟದಲ್ಲಿ ಇಷ್ಟೇ ಬೆಳೆ ಬರುತ್ತೆ ಎಂದು ತಜ್ಞರಾಗಿ ಸಾಕ್ಷಿ ನುಡಿದರು. ತೋಟಗಾರಿಕೆ ಅಧಿಕಾರಿ ಎಂದ ಮಾತ್ರಕ್ಕೆ ಇಳುವರಿ ಅಂದಾಜಿನಲ್ಲಿ ಪರಿಣತನಾಗುವುದಿಲ್ಲ, ಆ ವಿಷಯದಲ್ಲೇ ವಿಶೇಷ ಅಭ್ಯಾಸ ಬೇಕು, ಅಭಿಪ್ರಾಯಕ್ಕೆ ಕಾರಣವನ್ನೂ ಕೊಡಬೇಕು ಎಂದಿತು ಕೋರ್ಟು. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವೂ ಇದೆ, ತೋಟಗಾರಿಕೆ ಪ್ರಯೋಗ ಕೇಂದ್ರವೂ ಇದೆ. ಕಾಫಿಯ ಕಾಂಡಕೊರಕದ ವಿಷಯವನ್ನು ಕಿತ್ತಳೆಯವರ ಬಳಿ ಕೇಳಿದರೆ ಆಗುತ್ತಾ? ಹಾಗೇ ಇದು.

ತಜ್ಞ ತನ್ನ ಬೇಲಿ ದಾಟಿ ಮಾತಾಡಿದರೆ ಏನಾಗುತ್ತೆ ಎಂಬುದಕ್ಕೆ ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಪ್ರಕರಣ ಒಂದೇ ಸಾಕು. ಎರಡು ಹಸುಗೂಸುಗಳು ತಾವಾಗಿಯೇ ಸಾಯುವ ಸಂಭವ 7.3 ಕೋಟಿಗೆ ಒಂದು ಎಂದರು ಮಕ್ಕಳ ವೈದ್ಯ ತಜ್ಞರು. ಲೆಕ್ಕಶಾಸ್ತ್ರ ಅವರ ಕಸುಬಲ್ಲ. ತಾಯಿಗೆ 1999ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2003ರಲ್ಲಿ ಬಿಡುಗಡೆ.

ನಮ್ಮ ಕಾನೂನಿನಲ್ಲಿ ತಜ್ಞನ ಮಾತಿಗೆ ಜಾಗ ಕೊಟ್ಟಿದ್ದ ಹಳೆಯ ಸಾಕ್ಷ್ಯ ಅಧಿನಿಯಮದ 45ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಆಗಿದೆ. ನಂಬರು ಬದಲಾಯಿತು, ತತ್ವ ಅದೇ. ತಜ್ಞ ಹೇಳುವುದು ಸಲಹೆ, ತೀರ್ಪು ಕೊಡುವುದು ನ್ಯಾಯಾಧೀಶರು. ಎಕ್ಸರೇಗೂ ಒಂದು ಮಿತಿಯಿದೆ ಎಂದು ಕೋರ್ಟು ಒಪ್ಪಿದ್ದು ಇಂದು ನಿನ್ನೆಯಲ್ಲ. 1982ರ ಜಯಾಮಾಲಾ ಪ್ರಕರಣದಲ್ಲಿ (ಸಿನಿಮಾದವರಲ್ಲ, ಅದು ಜಮ್ಮು ಕಾಶ್ಮೀರದ ಕೇಸು!) ಮೂಳೆಯ ಎಕ್ಸರೇ ನೋಡಿ ಹೇಳುವ ವಯಸ್ಸು ಎರಡು ವರ್ಷ ಆಚೀಚೆ ಆಗಬಹುದು ಎಂದು ಸುಪ್ರೀಂ ಕೋರ್ಟೇ ಹೇಳಿತ್ತು.

ಫಿಲಂ ಎಲ್ಲಿದೆ ಸ್ವಾಮಿ?

ಇಷ್ಟೆಲ್ಲ ಮಾತಿಗೆ ಬುಡ ಬೇಕಲ್ಲ, ಅದು ಫಿಲಂ. ಬಹಳ ಕೇಸು ಸಾಯುವುದು ಇಲ್ಲೇ. ಫಿಲಂ ಮಳೆಗಾಲದಲ್ಲಿ ಬೂಷ್ಟು ಹಿಡಿದಿರುತ್ತದೆ, ಇಲ್ಲವೇ ಮಕ್ಕಳು ಗ್ರಹಣ ನೋಡಲು ಒಯ್ದಿರುತ್ತಾರೆ (ಅದೂ ಕಣ್ಣಿಗೆ ಅಪಾಯ, ನೋಡಬಾರದು). ಮೊಬೈಲಿನಲ್ಲಿ ಹೊಡೆದ ಫೋಟೋ ಇದೆ ಎನ್ನುತ್ತಾರೆ. ಕೂದಲೆಳೆ ಬಿರುಕಿನ ವಿಷಯದಲ್ಲಿ ಆ ಫೋಟೋ ಇಟ್ಟುಕೊಂಡು ಯಾವ ಮರ್ಯಾದಸ್ಥ ರೇಡಿಯಾಲಜಿಸ್ಟೂ ಪ್ರಮಾಣ ಮಾಡುವುದಿಲ್ಲ. ಮೂಲ ಚಿತ್ರದ ಸಿ.ಡಿ. ಕೇಳಿ ಪಡೆಯಬೇಕು. ಸಹಿಯಿರುವ ವರದಿ ಬೇಕು. ವರದಿ ಬರುವ ಮೊದಲೇ ರೋಗಿಯನ್ನು ಕಳಿಸಿಬಿಟ್ಟು, ಬಂದ ವರದಿ ಕಪಾಟಿನಲ್ಲೇ ಉಳಿದದ್ದೂ ಇರಬಹುದು. ಅದನ್ನೂ ಕೇಳಬೇಕು. ಫಿಲಂ ತೆಗೆದ ಗಂಟೆ, ವರದಿ ಬರೆದ ಗಂಟೆ ಎರಡೂ ಮುಖ್ಯ.

ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲಿದೆ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ ಮೂರು ವರ್ಷ ಇಟ್ಟುಕೊಳ್ಳಬೇಕೆಂದೂ ಇದೆ. ಬಾಯಲ್ಲಿ ಕೇಳಿ ವಾಪಸು ಬರಬೇಡಿ. ಬರೆದು ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ.

ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಗಡುವು. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಂತೆ ಫಿರ್ಯಾದಿ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಚೆಟ್ಟಳ್ಳಿಯವನು ಮಂಗಳೂರಿನ ಆಸ್ಪತ್ರೆಯ ಮೇಲೆ ಮಡಿಕೇರಿಯಲ್ಲೇ ಹಾಕಬಹುದು. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ಡಾಕ್ಟರ ಲೈಸೆನ್ಸಿನ ಮೇಲೆ ಕ್ರಮ ಬೇಕಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು ಬೆಂಗಳೂರಿನಲ್ಲಿದೆ. ಅಲ್ಲಿ ಪರಿಹಾರದ ಹಣ ಸಿಗುವುದಿಲ್ಲ.

ತಜ್ಞರ ವರದಿ ಬಂದ ದಿನ ಅದರ ಪ್ರತಿ ಕೇಳಿ ಪಡೆಯುವುದನ್ನು ಮಾತ್ರ ಮರೆಯಬಾರದು. 'ನಿರ್ಲಕ್ಷ್ಯ ಕಂಡುಬಂದಿಲ್ಲ' ಎಂಬ ಒಂದೇ ಸಾಲು ಇದ್ದರೆ ಅದನ್ನು ಪ್ರಶ್ನಿಸಬಹುದು. ಕಾನ್ಪುರದ ಆಸ್ಪತ್ರೆಯೊಂದರ ಪ್ರಕರಣದಲ್ಲಿ, 2009ರಲ್ಲಿ, ತಜ್ಞನ ಅಭಿಪ್ರಾಯಕ್ಕೆ ಕಾರಣ ಮತ್ತು ಆಧಾರ ಎರಡೂ ಜೊತೆಗಿರಬೇಕು ಎಂದ ಸುಪ್ರೀಂ ಕೋರ್ಟು, ಕಡತವನ್ನು ರಾಷ್ಟ್ರೀಯ ಆಯೋಗಕ್ಕೇ ವಾಪಸು ಕಳಿಸಿತ್ತು. ಯಾವ ಫಿಲಂ ನೋಡಿದಿರಿ? ಮೂಲವೋ ನಕಲೋ? ಬಿರುಕು ಇತ್ತೋ ಇಲ್ಲವೋ? ಇಲ್ಲದಿದ್ದರೆ ಮತ್ತೊಮ್ಮೆ ಎಕ್ಸರೇ ಯಾವಾಗ ತೆಗೆಯಬೇಕಿತ್ತು? ಈ ನಾಲ್ಕು ಪ್ರಶ್ನೆಯನ್ನು ಬರೆದು ಆಯೋಗದ ಮೂಲಕ ಕಳಿಸಲು ಯಾವ ದೊಡ್ಡ ವಕೀಲರೂ ಬೇಕಾಗಿಲ್ಲ.